ಹಾಡುಗಾರ್ತಿ ನಡುವೆ ಬಂದು ನಿಂತಳು

“ಹೊಸ ಸ್ಪೀಕರ್ ಭಾಭೀಜಿ, ದಿನಾ ಹಾಡಿಸ್ತಾ ಇರಿ, ದನಿ ತಾನಾಗಿ ಬಿಚ್ಚಿಕೊಳ್ಳುತ್ತೆ,” ಎಂದು ಅದನ್ನು ಮಾರಿದ ಅಂಗಡಿಯವರು ಹಿಂದಿಯಲ್ಲಿ ಹೇಳಿ ಎದ್ದು ನಿಂತರು. ನನಗೇಕೋ ಒಪ್ಪಿಗೆಯಾಗಲಿಲ್ಲ. ಸೂರತ್ತಿನ ಅಡಾಜಣ್‌ನ ನಮ್ಮ ಫ್ಲ್ಯಾಟಿಗೆ ಆ ದುಬಾರಿ ಹೋಮ್ ಥಿಯೇಟರ್ ಬಂದು ವಾರವಾಗಿತ್ತು, ತೊಂಬತ್ತರ ದಶಕದ ಕೊನೆಯ ಮಾತು. ಸಿ.ಡಿ. ಹಾಕಿದರೆ ಹಾಡುಗಾರ್ತಿಯ ದನಿ ಗೋಡೆಗೆಲ್ಲ ಚೆದುರುತ್ತಿತ್ತು, ಮೃದಂಗದಲ್ಲಿ ಗುಂಕಾರವೇ ಇರಲಿಲ್ಲ. ನಮ್ಮ ಯಜಮಾನರು ವಾಪಸ್ ಕೊಟ್ಟುಬಿಡುವ ಯೋಚನೆಯಲ್ಲಿದ್ದರು.

ಒಂದೇ ಸ್ಪೀಕರ್ ಹಾಡಿದರೆ ಮೃದಂಗ ತುಂಬಿ ಬರುತ್ತಿತ್ತು, ಎರಡೂ ಸೇರಿದರೆ ಮಾಯ. ಹಾಗಾದರೆ ಜೋಡಣೆಯಲ್ಲೇ ತಪ್ಪಿರಬೇಕು ಎನ್ನಿಸಿ ಹಿಂದೆ ಬಗ್ಗಿ ನೋಡಿದೆ. ಎಡಗಡೆಯ ಸ್ಪೀಕರ್‌ಗೆ ಮಾತ್ರ ಕೆಂಪು, ಕಪ್ಪು ವೈರುಗಳನ್ನು ತಿರುವುಮುರುವಾಗಿ ಸಿಕ್ಕಿಸಿದ್ದರು. ಒಂದು ಸ್ಪೀಕರ್ ದನಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಅಳಿಸಿಹಾಕುತ್ತಿತ್ತು.

“ಮುಟ್ಟಬೇಡ ಮಾರಾಯ್ತಿ, ಸುಟ್ಟು ಹೋದೀತು!” ಎಂದರು ಯಜಮಾನರು. ನಾನು ಸ್ವಿಚ್ ಆರಿಸಿ, ವೈರುಗಳನ್ನು ಬದಲಿಸಿ, ಮತ್ತೆ ಹಾಡು ಹಾಕಿದೆ.

ಹಾಡುಗಾರ್ತಿ ಎರಡೂ ಸ್ಪೀಕರ್‌ಗಳ ನಡುವಿನ ಖಾಲಿ ಜಾಗಕ್ಕೇ ಬಂದು ನಿಂತಂತಾಯಿತು. ಮೃದಂಗದ ಗುಂಕಾರ ನೆಲದಿಂದ ಅಂಗಾಲಿಗೆ ತಾಗಿತು. ಹೊರಟಿದ್ದ ಅಂಗಡಿಯವರು ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತು, ಹಾಡು ಮುಗಿಯುವವರೆಗೂ ಏಳಲಿಲ್ಲ. ಯಜಮಾನರು ನನ್ನನ್ನೇ ನೋಡುತ್ತಿದ್ದರು.

ಮದುವೆಯಾದ ಮೇಲೆ ಹಾಡುವುದನ್ನು ಬಿಟ್ಟಿದ್ದೆ, ಅದರೊಡನೆ ಕಿವಿಯೂ ಹೋಯಿತೆಂದೇ ತಿಳಿದಿದ್ದೆ. ಮರುದಿನ ಬೆಳಿಗ್ಗೆ ಅಟ್ಟದಿಂದ ಶ್ರುತಿಪೆಟ್ಟಿಗೆ ಇಳಿಸಿದೆ.