ತೂಬಿನ ಹತ್ತಿರದ ಕೆಂಪು ಚುಕ್ಕೆ

ನಂಬೋದು ಬಿಡೋದು ನಿಮ್ಮಿಷ್ಟ. ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೇ ಆಗುತ್ತಿರಲಿಲ್ಲ. ಆದರೆ ಇದು ನನ್ನ ಕಣ್ಣೆದುರೇ ನಡೆದದ್ದು. ಜೊತೆಗೆ ನಮ್ಮ ಆಫೀಸಿನ ಫಯಾಜ್ ಭಾಯ್ ಕೂಡ ಇದ್ದರು.

ಮಾಗಡಿ ಕಡೆಯ ಕುಡಿಯುವ ನೀರಿನ ಕೆರೆಗಳಿಗೆ ಒಂದು ಹೊಸ ಆ್ಯಪ್ ಬಂದಿತ್ತು. ಕೆರೆಗೆ ನೀರು ಹರಿದು ಬರುವ ಕಡೆಯೆಲ್ಲ ಸುತ್ತಾಡಿ, ಎಲ್ಲಿ ಚರಂಡಿ ಸೇರುತ್ತಿದೆ, ಎಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬ ತೊಳೆಯುತ್ತಿದ್ದಾರೆ ಅಂತ ಫೋನಿನಿಂದ ಕಳಿಸಬೇಕು. ಆಫೀಸಿನ ಪರದೆಯಲ್ಲಿ ಕೆಂಪು ಚುಕ್ಕೆ ಬೀಳುತ್ತದೆ. ಅಪಾಯ ಕಳೆದ ಮೇಲೆ ಕಳಿಸಿದವರೇ ತಮ್ಮ ಫೋನಿನಲ್ಲಿ 'ಸರಿಹೋಯಿತು' ಒತ್ತಬೇಕು. ಆಗಲೇ ಅದು ಹಸಿರಾಗುವುದು. ಇನ್ನೂ ಪರೀಕ್ಷೆಯ ಹಂತ. ಕೆರೆ ಸುತ್ತುವವರು ನಮ್ಮ ಯಜಮಾನರು, ಪರದೆ ನೋಡುವವಳು ನಾನು. ಆ ಚುಕ್ಕೆಗಳು ನನ್ನ ಫೋನಿಗೂ ಬರುತ್ತಿದ್ದವು.

ಸುಳ್ಳು ಎಚ್ಚರಿಕೆ ಕಳಿಸಿ ನೋಡುವಾಗ ಕೆಳಗೆ 'ಟೆಸ್ಟ್' ಅಂತ ಬರೆಯಬೇಕಿತ್ತು. ಈ ಮನುಷ್ಯ 'ಉಂಡ್ಯಾ?' ಅಂತ ಬರೆಯೋರು. ಬೈದರೆ, "ಅದೂ ಟೆಸ್ಟೇ ಕಣೆ, ನೀನು ಹೊತ್ತಿಗ್ ಸರ್ಯಾಗಿ ಉಣ್ತೀಯೋ ಇಲ್ವೋ ಅಂತ" ಅನ್ನೋರು.

ಒಂದು ಬೆಳಗ್ಗೆ ಎದೆನೋವು ಅಂದವರು ಆಸ್ಪತ್ರೆ ತಲುಪಲಿಲ್ಲ. ಅವರ ಫೋನು ಆರಿಸಿ ಬೀರುವಿನಲ್ಲಿ ಅವರ ಶರ್ಟುಗಳ ಮಧ್ಯೆ ಇಟ್ಟೆ.

ತಿಥಿ ಮುಗಿಸಿ ಕೆಲಸಕ್ಕೆ ಬಂದರೆ, ಅಸಲಿ ಆ್ಯಪ್ ಶುರುವಾಗುತ್ತೆ, ಪರೀಕ್ಷೆಯ ಚುಕ್ಕೆಗಳನ್ನೆಲ್ಲ ಅಳಿಸಿಬಿಡಿ ಅಂದರು ಸಾಹೇಬರು. ಎಲ್ಲವೂ 'ಉಂಡ್ಯಾ?'ಗಳೇ. ನನ್ನ ಕೈಯಾರೆ ಒಂದೊಂದನ್ನೇ ಅಳಿಸುತ್ತಾ ಹೋದೆ...

ಕತ್ತಲಾಗಿತ್ತು. ಕೊನೆಯದನ್ನು ಅಳಿಸಿದೆ.

ಟಿಣ್...

ಹೊಸದೊಂದು ಕೆಂಪು ಚುಕ್ಕೆ. ತಿಪ್ಪಸಂದ್ರದ ದಾರಿಯ ಕೆರೆ, ತೂಬಿನ ಹತ್ತಿರ. ಅವರದೇ ಹೆಸರು. 'ಉಂಡ್ಯಾ?'

"ಸರ್ವರ್ ತೊಂದ್ರೆ ಇರ್ಬೇಕು ಕಣಮ್ಮಾ..." ಅಂದರು ಪಕ್ಕದ ಮೇಜಿನ ಫಯಾಜ್ ಭಾಯ್.

'ಉಂಡೆ' ಅಂತ ಉತ್ತರ ಕಳಿಸಿದೆ. ಚುಕ್ಕೆ ಕೆಂಪಗೇ ಇತ್ತು.

ತಡೆಯಲಾಗಲಿಲ್ಲ. ಭಾಯ್ ಬೈಕಿನಲ್ಲೇ ಹೊರಟೆವು. ಕೆರೆ ಏರಿಯ ಮೇಲೆ ಒಂದು ನರಪಿಳ್ಳೆ ಇಲ್ಲ. ಹಸಿ ಕೆಸರಿನ ವಾಸನೆ. ಅಷ್ಟು ಹೊತ್ತು ವಟಗುಟ್ಟುತ್ತಿದ್ದ ಕಪ್ಪೆಗಳು ನಾವು ತೂಬಿನ ಹತ್ತಿರ ಬಂದದ್ದೇ ಗಪ್‌ಚುಪ್. ಒಮ್ಮೊಮ್ಮೆ ನಾನೂ ಯಜಮಾನರೂ ಕೂತು ಬುತ್ತಿ ಬಿಚ್ಚುತ್ತಿದ್ದ ಕಲ್ಲು ಅಲ್ಲೇ ಇತ್ತು. ಅದರಾಚೆ ನೀರಿನಲ್ಲಿ ಯಾರೋ ಕಾಲು ತೊಳೆದುಕೊಳ್ಳುವ ಸದ್ದು...

"ಯಾರ್ಲಾ ಅದು?" ಭಾಯ್ ಕೂಗಿದರು. ಸದ್ದು ನಿಂತಿತು.

ಆಮೇಲೆ ಮೆಲ್ಲಗೆ ನನ್ನ ಬ್ಯಾಗಿಗೆ ಟಾರ್ಚ್ ಬಿಟ್ಟು, "ಊಟದ ಬಾಕ್ಸ್ ಹಂಗೇ ಐತಲ್ಲಮ್ಮಾ. ಬೆಳಗ್ಗಿಂದ ಏನೂ ತಿಂದಿಲ್ವಾ?" ಅಂದರು.

ಬೆಳಗ್ಗಿಂದ ಅಲ್ಲ, ಅವರು ಹೋದಾಗಿನಿಂದ ನಾನು ನೆಟ್ಟಗೆ ಉಂಡಿರಲಿಲ್ಲ.

ಕಲ್ಲಿನ ಮೇಲೆ ಕೂತೆ. ಮುದ್ದೆ ಆರಿ ಕಲ್ಲಾಗಿತ್ತು. ಉಪ್ಸಾರಿಗೆ ಅದ್ದಿ ನುಂಗಿದೆ. ಅಳುತ್ತಲೇ ಬಿಡದೆ ನುಂಗಿದೆ. ಡಬ್ಬಿ ಖಾಲಿಯಾಯಿತು.

ಟಿಣ್...

ನನ್ನ ಫೋನಿನಲ್ಲಿ ಚುಕ್ಕೆ ಹಸಿರಾಗಿತ್ತು. 'ಸರಿಹೋಯಿತು.'

ಮನೆಗೆ ಓಡಿ ಬೀರು ತೆಗೆದೆ. ಅವರ ಫೋನು ಇಟ್ಟಲ್ಲೇ ಇತ್ತು. ಒತ್ತಿದರೂ ಹತ್ತಲಿಲ್ಲ, ಚಾರ್ಜ್ ಇಳಿದುಹೋಗಿ ಎಷ್ಟು ದಿನವಾಗಿತ್ತೋ. ಭಾಯ್ ಈಗಲೂ ಆ ದಾರಿಯಲ್ಲಿ ಒಬ್ಬರೇ ಹೋಗುವುದಿಲ್ಲ.

ಹೊಸ ಆ್ಯಪಿನಲ್ಲಿ ಅವರ ಹೆಸರಿಲ್ಲ. ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಆದರೂ ಮೊನ್ನೆ ಒಂದು ರಾತ್ರಿ, ಬೇಕಂತಲೇ ಅನ್ನ ಮುಟ್ಟದೆ ಪರದೆ ಮುಂದೆ ಕೂತೆ... ಬೆಳಗಾಗುವವರೆಗೂ ಕಾದೆ.

ಯಾರೂ ಕೇಳಲಿಲ್ಲ.