ನಾನು ನಗಲಿಲ್ಲ

ಚಾಳಿನ ನಲ್ಲಿಯ ಮುಂದೆ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಎಡಗಡೆಯಿಂದ ಸೋರಿ ಕುಬುಸದ ಮೇಲೆ ಬಿತ್ತು. ಮತ್ತೆ ಬೊಗಸೆ ತುಂಬಿಕೊಂಡೆ. ಮತ್ತೆ ಸೋರಿತು.

ಒಳಗೆ ನನ್ನ ಗಂಡ ಗಡ್ಡ ಮಾಡಿಕೊಳ್ಳುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ ಕೈ ನಿಲ್ಲಿಸಿದರು.

“ಬಾಯಿ ಯಾಕ ಸೊಟ್ಟ ಮಾಡೀದಿ?”

ನಾನು ಮಾಡಿರಲಿಲ್ಲ.

ಠಾಣೆ ಶಹರದ ಆಸ್ಪತ್ರೆಗೆ ಹೋದೆವು. ಡಾಕ್ಟರಿಗೆ ಕನ್ನಡ ಬಾರದು, ನನಗೆ ಮರಾಠಿ ಬಾರದು. ಅವರು ತಾವೇ ಹುಬ್ಬು ಏರಿಸಿದರು, ಕಣ್ಣು ಬಿಗಿಯಾಗಿ ಮುಚ್ಚಿದರು, ಹಲ್ಲು ಕಿರಿದರು. ನಾನೂ ಹಾಗೇ ಮಾಡಲು ನೋಡಿದೆ. ಬಲಗಡೆ ಮಾತ್ರ ಹೇಳಿದ್ದು ಕೇಳಿತು. ಚೀಟಿಯಲ್ಲಿ ಫೇಶಿಯಲ್ ಪಾಲ್ಸಿ ಎಂದು ಬರೆದರು. ಮುಖದ ನರ ಸೋತಿದೆ, ಬಹಳ ಮಂದಿಗೆ ಸರಿಹೋಗುತ್ತದೆ, ಎಷ್ಟು ದಿನ ಎಂದು ಹೇಳಲಾಗದು. ಗಂಡ ಇಷ್ಟನ್ನು ಕನ್ನಡದಲ್ಲಿ ಹೇಳಿದರು. ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ಕಣ್ಣಿಗೆ ಪಟ್ಟಿ. ಮುಂದೆ ಕೆನ್ನೆಗೆ ಕರೆಂಟ್ ಕೊಡಿಸಿಕೊಳ್ಳಲು ಬರಬೇಕು.

ಮದುವೆಯಾಗಿ ಬಿಜಾಪುರದ ಕಡೆಯಿಂದ ಠಾಣೆಯ ಪಕ್ಕದ ಕಳವಾಕ್ಕೆ ಬಂದು ಆಗ ಎಂಟು ತಿಂಗಳಾಗಿತ್ತು. ಆ ಚಾಳಿನಲ್ಲಿ ಕನ್ನಡದವರು ನಾವಿಬ್ಬರೇ. ಅವರು ಫ್ಯಾಕ್ಟರಿಗೆ ಹೋದರೆ ನಾನೊಬ್ಬಳೇ. ಪಕ್ಕದ ಖೋಲಿಯ ಸುಶೀಲಾಬಾಯಿ ಇದ್ದರು. ಅವರಿಗೂ ನನಗೂ ನಡುವೆ ಮಾತೆಂಬುದೇ ಇರಲಿಲ್ಲ. ನಮ್ಮ ವ್ಯವಹಾರವೆಲ್ಲ ಮುಖದಲ್ಲೇ ನಡೆಯುತ್ತಿತ್ತು. ರೇಶನ್ ಅಂಗಡಿಗೆ ಚಿಮಣಿ ಎಣ್ಣೆ ಬಂದಿದ್ದರೆ ಹುಬ್ಬು ಹಾರಿಸಿ ಡಬ್ಬಿ ತೋರಿಸುತ್ತಿದ್ದರು. ಅವರ ಗಂಡ ರೇಗಿದರೆ ನನ್ನ ಕಡೆ ತಿರುಗಿ ಕಣ್ಣು ಅರಳಿಸಿ ತುಟಿ ಕಚ್ಚುತ್ತಿದ್ದರು. ನಾನು ನಕ್ಕರೆ ಅವರೂ ನಗುತ್ತಿದ್ದರು. ಇಡೀ ದಿನಕ್ಕೆ ನನಗೆ ಅಷ್ಟು ಸಾಕಾಗುತ್ತಿತ್ತು.

ನನಗೆ ಹೀಗಾದಾಗ ಅವರು ಚಾಳಿನಲ್ಲಿರಲಿಲ್ಲ. ತಂದೆಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದರು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೇ ಓಡಾಡಿದೆ. ಹತ್ತು ದಿನದ ಮೇಲೆ ಅವರು ಮರಳಿದರು. ತಂದೆ ತೀರಿಕೊಂಡಿದ್ದರು.

ಹೋಗಿ ಅವರ ಎದುರು ಕುಳಿತೆ. ಅಳು ಒತ್ತರಿಸಿ ಬಂತು, ಸೆರಗು ಜಾರಿತು. ಬಲಗಡೆಯ ತುಟಿ ಮಾತ್ರ ಮೇಲಕ್ಕೆ ಎಳೆಯಿತು. ಎಡಗಡೆ ಅಲುಗಲಿಲ್ಲ, ಎಡಗಣ್ಣು ರೆಪ್ಪೆ ಬಡಿಯದೆ ಅವರನ್ನೇ ದಿಟ್ಟಿಸುತ್ತಿತ್ತು. ಸುಶೀಲಾಬಾಯಿಯ ಮುಖ ಬಿಗಿಯಿತು. ಅವರ ಜೊತೆ ಊರಿಂದ ಬಂದಿದ್ದ ಸಂಬಂಧಿಕಳೊಬ್ಬಳು ನನ್ನನ್ನು ನೋಡಿ ಏನೋ ಅಂದಳು. ಅದರಲ್ಲಿ ಒಂದು ಮಾತಿನ ಅರ್ಥ ಮಾತ್ರ ನನಗೆ ತಿಳಿಯಿತು.

ನಗ್ತಾ ಇದಾಳೆ.

ಮರುದಿನದಿಂದ ಸುಶೀಲಾಬಾಯಿ ನನ್ನತ್ತ ನೋಡುವುದನ್ನೇ ಬಿಟ್ಟರು. ಇರುವ ಅರ್ಧ ಮುಖದಲ್ಲೇ ತಿಳಿಸಿ ಹೇಳಲು ಎರಡು ಸಲ ನೋಡಿದೆ. ನಾನು ಹೇಳಹೋಗಿದ್ದೊಂದು, ಅಲ್ಲಿ ಕಾಣುತ್ತಿದ್ದುದೇ ಇನ್ನೊಂದು. ಎಷ್ಟೋ ದಿನ ಗಂಡ ಮನೆಗೆ ಬರುವವರೆಗೆ ನನ್ನ ದನಿಯನ್ನು ನಾನೇ ಕೇಳಿರುತ್ತಿರಲಿಲ್ಲ. ಅವರು ಬಂದ ಮೇಲೂ ಎಡಗಡೆ ಕಾಣದಂತೆ ಗೋಡೆಗೆ ತಿರುಗಿ ಕೂರುತ್ತಿದ್ದೆ.

ಒಂದು ಸಂಜೆ ಕೇಳಿದೆ, “ನಾ ನಗಲಿಲ್ಲ ಅಂತ ಮರಾಠಿಯೊಳಗ ಹೆಂಗ ಅನ್ನೂದ್ರೀ?”

“ನಾನ ಹೋಗಿ ಹೇಳ್ತೀನಿ ಬಿಡು.”

“ಬ್ಯಾಡ್ರೀ. ನಾನ ಹೇಳಬೇಕು.”

ಅವರು ಹೇಳಿಕೊಟ್ಟದ್ದನ್ನೇ ರೊಟ್ಟಿ ಬಡಿಯುತ್ತ ಮತ್ತೆ ಮತ್ತೆ ಅಂದೆ. ತುಟಿ ಕೂಡದೆ ಮೊದಲ ಅಕ್ಷರವೇ ಜಾರುತ್ತಿತ್ತು. ಬೆರಳಿನಿಂದ ತುಟಿ ಒತ್ತಿ ಹಿಡಿದು ಕಲಿತೆ. ಮೂರನೆಯ ದಿನ ಸುಶೀಲಾಬಾಯಿಯ ಬಾಗಿಲಲ್ಲಿ ನಿಂತು ಸೆರಗು ಸರಿಸಿದೆ.

“ಮೀ ಹಸಲೇ ನಾಹೀ. ತೋಂಡ್ ಆಜಾರೀ ಆಹೆ.”

ನಾನು ನಗಲಿಲ್ಲ, ಬಾಯಿಗೆ ರೋಗ. ಕಣ್ಣು ಮುಚ್ಚಿ ತೋರಿಸಿದೆ. ಬಲಗಣ್ಣು ಮುಚ್ಚಿತು, ಎಡಗಣ್ಣು ತೆರೆದೇ ಇತ್ತು. ಸುಶೀಲಾಬಾಯಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ಹತ್ತಿರ ಬಂದು ಎಡಗೆನ್ನೆಯನ್ನು ಮೆಲ್ಲಗೆ ಮುಟ್ಟಿದರು.

“ದುಖತಂಯ್ ಕಾ?”

ನೋವಾಗುತ್ತದೆಯೇ ಎಂದು ಕೇಳುತ್ತಿದ್ದಾರೆಂದು ಆ ಬೆರಳಿನಿಂದಲೇ ತಿಳಿಯಿತು. ಕೆನ್ನೆ ನೋಯುತ್ತಿರಲಿಲ್ಲ. ಆದರೂ ಹೌದೆಂದು ತಲೆಯಾಡಿಸಿದೆ.

ಎಲ್ಲವೂ ಕೂಡಲೇ ಮೊದಲಿನಂತಾಗಲಿಲ್ಲ. ಅವರು ದುಃಖದಲ್ಲಿದ್ದರು, ನನಗೆ ಮಾತು ಸಾಲದಾಗಿತ್ತು. ಆದರೆ ಕರೆಂಟ್ ಕೊಡಿಸಿಕೊಳ್ಳಲು ಹೋಗುವಾಗ ಒಂದು ದಿನ ಅವರೇ ಜೊತೆಗೆ ಬಂದರು. ಲೋಕಲ್ ರೈಲಿನಲ್ಲಿ, ಆಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ, ನನ್ನ ಪಕ್ಕ ಕುಳಿತು ತಂದೆಯ ವಿಷಯ ಬಹಳ ಹೊತ್ತು ಹೇಳಿದರು. ಕಾಲು ಭಾಗ ತಿಳಿಯಿತೇನೋ. ಬೇರೆ ಕಡೆ ಮುಖ ತಿರುಗಿಸದೆ ಕೇಳಿಸಿಕೊಂಡೆ.

ಹೀಗಾಗಿ ಈಗ ಐದು ತಿಂಗಳು. ಹುಬ್ಬು ಏರುತ್ತದೆ, ಕಣ್ಣು ಮುಚ್ಚುತ್ತದೆ. ನಕ್ಕರೆ ಎಡಗಡೆ ಇನ್ನೂ ಹಿಂದೆ ಬೀಳುತ್ತದೆ. ಅಷ್ಟು ಉಳಿದರೂ ಉಳಿಯಬಹುದು ಎಂದಿದ್ದಾರೆ ಡಾಕ್ಟರು. ಇರಲಿ. ಇಷ್ಟು ಮರಳಿ ಬಂತಲ್ಲ.

ಮೊನ್ನೆ ಊಟಕ್ಕೆ ಕುಳಿತಾಗ ಗಂಡ ನನ್ನನ್ನೇ ನೋಡುತ್ತಿದ್ದರು.

“ಸಿಟ್ಟಾಗೀದಿಯೇನ? ನನಗ ತಿಳೀವಲ್ದು.”

“ಸಿಟ್ಟಿಲ್ರೀ. ದಿನಾ ಒಬ್ಬಾಕೀನ ಇರೂದು ಭಾಳ ಬ್ಯಾಸರ ಆಗ್ತದ.”

ಅವರ ಕೈ ತಟ್ಟೆಯಲ್ಲೇ ನಿಂತಿತು. “ಇಲ್ಲಿಗೆ ಬಂದಾಗಿಂದೇನು?”

“ಹೂಂ.”

“ಮತ್ತ ಒಂದಿನಾನೂ ಅನ್ನಲಿಲ್ಲ?”

“ನನ್ನ ಮಾರಿ ನೋಡಿದ್ರ ನಿಮಗ ತಿಳೀತದ ಅನಕೊಂಡಿದ್ದೆ.”

ಅಂದು ಉಂಡ ಕೈ ಒಣಗುವವರೆಗೆ ಇಬ್ಬರೂ ಕುಳಿತು ಮಾತಾಡಿದೆವು.