ಪೈಲ್ವಾನ್ ಮಾಯಣ್ಣನ ಬೆನ್ನು

ನಮ್ಮ ನಡುಮನೆಯಲ್ಲಿ ಟಿ.ವಿ. ಮೇಲಿನ ಗೋಡೆಗೆ ತಾತ ಮಾಯಣ್ಣನ ಫೋಟೋ ಇದೆ. ಹೆಗಲ ಮೇಲೆ ಗದೆ, ಕೊರಳಿಗೆ ಹಾರ, ಮೀಸೆ ಎರಡೂ ಕಡೆ ಮೇಲಕ್ಕೆ. ನಾನು ಹುಟ್ಟುವ ನಾಲ್ಕು ವರ್ಷ ಮೊದಲೇ ಹೋದ ಮನುಷ್ಯ. ಮಾಗಡಿ ಕಡೆಯ ಹಳ್ಳಿಯಿಂದ ಹದಿನೆಂಟನೇ ವಯಸ್ಸಿಗೆ ಚಾಮರಾಜಪೇಟೆಗೆ ಬಂದು, ಹಗಲು ಅಕ್ಕಿ ಮಂಡಿಯಲ್ಲಿ ಮೂಟೆ ಹೊತ್ತು, ಸಂಜೆ ಗರಡಿಯಲ್ಲಿ ಸಾಮು ಮಾಡಿ, ಸೋಲೇ ಕಾಣದ ಪೈಲ್ವಾನ್ ಆದ. ನಮ್ಮ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಫೋಟೋ ನೋಡಿದರೆ ಸಾಕು, ಗೊತ್ತಾಗುತ್ತಿತ್ತು.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೋಟಾರ್ ವೈಂಡಿಂಗ್ ಕಲಿತವನು. ಓದು ಕಡಿಮೆ, ಬಾಯಿ ಜಾಸ್ತಿ. ಪಾರ್ಕಿಂಗಿಗೆ ಜಗಳ ಆಗಲಿ, ನೀರಿನ ಟ್ಯಾಂಕರಿಗೆ ಜಗಳ ಆಗಲಿ, ನನ್ನ ಕೊನೆಯ ಮಾತು ಒಂದೇ: "ನಾನು ಯಾರ ಮೊಮ್ಮಗ ಗೊತ್ತಾ?" ಅಷ್ಟಕ್ಕೆ ಎದುರಿನವನು ಸುಮ್ಮನಾಗುತ್ತಿದ್ದ. ಹೆದರಿ ಅಲ್ಲ, ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಈ ವರ್ಷ ನಮ್ಮ ರಸ್ತೆ ಕೊನೆಯ ಗರಡಿಗೆ ನೂರು ತುಂಬಿತು. ಸುಣ್ಣ ಬಣ್ಣ ಮಾಡಿಸಿ, ಹಳೇ ಪೈಲ್ವಾನರ ಫೋಟೋಗಳನ್ನು ಒಂದೇ ಗೋಡೆಗೆ ಸಾಲಾಗಿ ಹಾಕಬೇಕು ಅಂತ ಕಮಿಟಿಯವರು ತೀರ್ಮಾನ ಮಾಡಿದರು. ಮನೆಯವರು ಫೋಟೋ ಜೊತೆ ಏನಾದರೂ ದಾಖಲೆ ತರಬೇಕು, ಭಾನುವಾರ ಪೂಜೆ.

ಸುದ್ದಿ ಕೇಳಿದ್ದೇ ಸುಬ್ಬಮ್ಮತ್ತೆ ಎದ್ದು ಕೂತಳು. ಅತ್ತೆ ಅಂದರೆ ನಮ್ಮಪ್ಪನ ಅಕ್ಕ, ಎಂಬತ್ಮೂರು ವರ್ಷ, ನಮ್ಮ ಜೊತೆಗೇ ಇರೋದು. ಮಾಯಣ್ಣನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಅವಳ ಒಂದು ಕಣ್ಣಿಗೆ ಪೊರೆ ತೆಗೆಸಿ ಮೂರು ತಿಂಗಳಾಗಿತ್ತು. "ಆ ಗೋಡೆ ಮೇಲೆ ನಮ್ಮಪ್ಪನ್ನ ನೋಡೋಕೇ ಈ ಕಣ್ಣು ಮಾಡ್ಸಿದ್ದು ಅಂದ್ಕೊ ವಸಂತ. ಇನ್ನೇನೂ ಕೇಳಲ್ಲ ನಿನ್ನ," ಅಂದಳು. ಅವತ್ತೇ ಭಾನುವಾರಕ್ಕೆ ಉಡೋ ಸೀರೆ ತೆಗೆದು ಇಸ್ತ್ರಿಗೆ ಕಳಿಸಿದಳು.

ನಾನು ಫೋಟೋ ಎತ್ತಿಕೊಂಡು ಗರಡಿಗೆ ಹೋದೆ. ಕಾರ್ಯದರ್ಶಿ ನಾರಾಯಣಪ್ಪ ರಿಟೈರ್ಡ್ ಮೇಷ್ಟ್ರು. ಅವರಪ್ಪ ಕಾಳಪ್ಪನವರ ಫೋಟೋ ಗೋಡೆಗೆ ಮೊದಲೇ ಏರಿತ್ತು. ಗೆದ್ದವರ ಹೆಸರಿರುವ ಮರದ ಹಲಗೆಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿ, ಮಾಯಣ್ಣ ಅನ್ನೋ ಹೆಸರೇ ಇಲ್ಲವಲ್ಲ ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ತಾತನ ಬೆನ್ನು ಒಂದು ದಿನವೂ ಮಣ್ಣು ಮುಟ್ಟಿಲ್ಲ, ನಿಮ್ಮ ಹಲಗೆಗೆ ಗೆದ್ದಲು ಹಿಡಿದಿದೆ ಅಂತ ಕೂಗಾಡಿದೆ. ಹತ್ತು ಜನ ಸೇರಿದರು. ಭಾನುವಾರದೊಳಗೆ ದಾಖಲೆ ತಂದು ಮುಖಕ್ಕೆ ಹಿಡಿಯುತ್ತೇನೆ ಅಂತ ಹೇಳಿ ಬಂದೆ. ಅವತ್ತು ಮಂಗಳವಾರ.

ಮಗಳು ಪ್ರತಿಭಾ ಬಿ.ಕಾಂ. ಓದುತ್ತಿದ್ದಾಳೆ. ಅವಳನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು ಶುರು ಮಾಡಿದೆ. ಅಪ್ಪ ಓದಿದ ಸ್ಕೂಲಿನಲ್ಲಿ ಹಳೇ ದಾಖಲಾತಿ ಪುಸ್ತಕ ತೆಗೆಸಿದೆವು. ತಂದೆಯ ಕಸುಬು: ಕೂಲಿ. ಮರಣದ ದಾಖಲೆ ತೆಗೆಸಿದೆವು. ಕಸುಬು: ಮಂಡಿ ಕೂಲಿ. ಪೈಲ್ವಾನ್ ಅಂತ ಯಾಕೆ ಬರೆದಿಲ್ಲ ಅಂತ ನಾನು ಕೌಂಟರಿನಲ್ಲಿ ದನಿ ಏರಿಸಿದೆ. ಒಳಗಿದ್ದ ಹೆಣ್ಣುಮಗಳು ತಲೆ ಎತ್ತದೆ, "ಕುಸ್ತಿಗೆ ಕಾಲಂ ಇಲ್ಲ ಸರ್," ಅಂದಳು. ಪ್ರತಿಭಾ ನನ್ನ ಅಂಗಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮೆಟ್ಟಿಲ ಮೇಲೆ ಕೂತು ನಕ್ಕಳು.

ಉಳಿದಿದ್ದು ಫೋಟೋದ ಹಿಂದಿನ ಮಾಸಿದ ಮುದ್ರೆ. ಬಸವನಗುಡಿಯ ಒಂದು ಸ್ಟುಡಿಯೋ. ಈಗ ಅಲ್ಲಿ ಆ ಸ್ಟುಡಿಯೋದವರ ಮೊಮ್ಮಗ ಗೌರೀಶ್ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಫೋಟೋ ನೋಡಿದ್ದೇ ಅವನ ಮುಖ ಅರಳಿತು. ಮೇಜಿನ ಕೆಳಗೆ ಬಗ್ಗಿ, ಎರಡು ರಟ್ಟಿನ ಪೆಟ್ಟಿಗೆ ಸರಿಸಿ, ಧೂಳು ಹಿಡಿದ ಗದೆ ಎಳೆದ. ಅದೇ ಗದೆ. ತಲೆಯ ಹತ್ತಿರ ಫೋಟೋದಲ್ಲಿ ಕಾಣುವ ತಗ್ಗು ಕೂಡ ಅಲ್ಲೇ ಇತ್ತು. ಕೈಗೆ ತಗೊಂಡೆ. ಬೂರುಗದ ಮರಕ್ಕೆ ಬೆಳ್ಳಿ ಬಣ್ಣ ಬಳಿದಿದ್ದು, ಸೋರೆಕಾಯಿಯಷ್ಟೂ ತೂಕ ಇಲ್ಲ.

"ನಮ್ಮ ತಾತ ಫೋಟೋಗೆ ಬಂದ ಹೆಂಗಸರ ಕೈಗೆ ವೀಣೆ ಕೊಡೋರು, ಗಂಡಸರ ಕೈಗೆ ಇದು," ಅಂದ ಗೌರೀಶ್. "ಪೋಸ್ಟ್ ಮಾಸ್ಟರೊಬ್ರು ಕನ್ನಡಕ ಹಾಕ್ಕೊಂಡೇ ಇದನ್ನ ಹಿಡ್ದಿದಾರೆ. ತೋರಿಸ್ಲಾ?"

ಬೇಡ ಅಂದೆ. ಮನೆಗೆ ಬಂದರೆ ಅತ್ತೆ ಇಸ್ತ್ರಿ ಸೀರೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ಸಿಕ್ತೇನೋ ಅಂದಳು. ಸಿಗ್ತಾ ಇದೆ ಅಂದೆ. ಬೇರೆ ಏನು ಹೇಳಲಿ.

ಶುಕ್ರವಾರ ಪ್ರತಿಭಾ ಒಂದು ಮಾತು ಹೇಳಿದಳು. ಹಲಗೆ ಮೇಲೆ ಇರೋದು ಗೆದ್ದವರು ಮಾತ್ರ. ಆಡಿದವರೆಲ್ಲರ ಲೆಕ್ಕ ಯಾರೋ ಬರೆದಿಟ್ಟಿರಬೇಕಲ್ಲ ಅಂತ. ಗರಡಿಯಲ್ಲಿ ಹೋಗಿ ಕೇಳಿದರೆ, ಇದೆ. ಯಾರಿಗೆ ಯಾರು ಜೋಡಿ, ಯಾರ ಬೆನ್ನು ಮಣ್ಣು ಮುಟ್ಟಿತು ಅಂತ ಹಳೇ ಉಸ್ತಾದರು ತಮ್ಮ ಕೈಯಾರೆ ಬರೆದ ಜೋಡಿ ಪುಸ್ತಕ. ಆಂಜನೇಯನ ಪಾದದ ಹತ್ತಿರ ಕೆಂಪು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಉಸ್ತಾದರು ತೀರಿಕೊಂಡ ಮೇಲೆ ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಮಂಗಳಾರತಿ. ಅರವತ್ತು ವರ್ಷದಿಂದ ಪೂಜೆ ನಡೆದಿದೆ, ಒಬ್ಬರೂ ಬಿಚ್ಚಿ ಓದಿಲ್ಲ.

ಪೂಜೆ ಮಾಡೋ ವಸ್ತು, ಬಿಚ್ಚೋ ಹಾಗಿಲ್ಲ ಅಂದರು ನಾರಾಯಣಪ್ಪ. ಪುಸ್ತಕ ಓದೋಕಲ್ಲದೆ ಇನ್ನೇನಕ್ಕೆ, ನೀವು ಮೇಷ್ಟ್ರಾಗಿದ್ದಿರಾ ಇಲ್ಲವಾ ಅಂದೆ. ಅವರಿಗೂ ಸಿಟ್ಟು ಬಂತು. ಕೊನೆಗೆ ಸ್ವಾಮಿಯನ್ನೇ ಕೇಳೋಣ ಅಂತ ಆಯಿತು. ಆಂಜನೇಯನ ತಲೆ ಮೇಲೆ ಹೂವಿಟ್ಟು ಕೈಮುಗಿದು ನಿಂತೆವು. ಬಲಗಡೆ ಬಿದ್ದರೆ ಅಪ್ಪಣೆ. ಹತ್ತು ನಿಮಿಷ ಹೂವು ಅಲ್ಲಾಡಲಿಲ್ಲ. ಸೆಖೆ ಸೆಖೆ ಅನ್ನುತ್ತಾ ನಾನು ಹೋಗಿ ಎಡಗೋಡೆಯ ಫ್ಯಾನ್ ಹಾಕಿದೆ. ಹೂವು ಬಲಗಡೆಗೇ ಬಿತ್ತು. ನಾರಾಯಣಪ್ಪ ಫ್ಯಾನ್ ನೋಡಿದರು, ನನ್ನನ್ನು ನೋಡಿದರು, ಪುಸ್ತಕದ ಕೆಂಪು ಬಟ್ಟೆ ಬಿಚ್ಚಿದರು.

ಅರಿಶಿನಕ್ಕೆ ಅಂಟಿಕೊಂಡಿದ್ದ ಹಾಳೆಗಳನ್ನು ಪ್ರತಿಭಾ ಒಂದೊಂದಾಗಿ ಬಿಡಿಸಿದಳು. ಎರಡನೇ ಹಾಳೆಯಲ್ಲೇ ಮಾಯಣ್ಣ ಸಿಕ್ಕಿದ. ನಾನು ಕೇಕೆ ಹಾಕಿದೆ. ಅವಳು ಸಾಲನ್ನು ಪೂರ್ತಿ ಓದಿದಳು: ಸೋತ. ಮುಂದಿನ ಹಾಳೆ, ಸೋತ. ಅದರ ಮುಂದೆ, ಸೋತ. ಒಂದು ಕಡೆ ಸಮ ಅಂತಿತ್ತು. ನನಗೆ ಉಸಿರು ಬಂತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಮಳೆ ಬಂದದ್ದರಿಂದ ನಿಲ್ಲಿಸಲಾಯಿತು.

ಒಟ್ಟು ಅರವತ್ತಮೂರು ಕುಸ್ತಿ. ಅರವತ್ತೆರಡು ಸೋಲು, ಒಂದು ಮಳೆ.

ನಾರಾಯಣಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಬೆನ್ನು ಮಣ್ಣೇ ಮುಟ್ಟಿಲ್ಲ ಅಂದ್ರಲ್ಲ ವಸಂತ್, ಎದ್ದಿದ್ದು ಯಾವಾಗ ಅಂತ ಹುಡುಕ್ಬೇಕು," ಅಂದರು. ಪುಸ್ತಕ ಮುಚ್ಚು ಅಂದೆ ಮಗಳಿಗೆ. ಅವಳು ಮುಚ್ಚಲಿಲ್ಲ. ಬೆರಳಿಟ್ಟುಕೊಂಡು, ಅಂಕಲ್, ಕಾಳಪ್ಪ ಅಂದ್ರೆ ನಿಮ್ಮ ತಂದೆ ಅಲ್ವಾ ಅಂತ ಕೇಳಿದಳು.

ಹೌದು. ಕಾಳಪ್ಪನವರ ಮೊದಲನೇ ಕುಸ್ತಿ. ಜೋಡಿ, ಮಾಯಣ್ಣ. ಕಾಳಪ್ಪ ಗೆದ್ದ. ಆ ಗೆಲುವಿನ ಕಥೆಯನ್ನು ಕಾಳಪ್ಪನವರು ಸಾಯುವ ತನಕ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರಂತೆ, ಬೆಟ್ಟದಂಥವನನ್ನು ಬೀಳಿಸಿದೆ ಅಂತ. ನಾರಾಯಣಪ್ಪನವರ ನಗು ಅಲ್ಲಿಗೆ ನಿಂತಿತು. ಪ್ರತಿಭಾ ಎದ್ದು ಗೋಡೆಯ ಮೇಲಿನ ಹೆಸರು ಒಂದೊಂದೇ ಕೂಗಿದಳು, ಅವರು ಪುಸ್ತಕದಲ್ಲಿ ಹುಡುಕಿದರು. ಹದಿನಾಲ್ಕು ಫೋಟೋ. ಮೂವರು ಮಾಯಣ್ಣನಿಗಿಂತ ಮುಂಚಿನವರು. ಮಿಕ್ಕ ಹನ್ನೊಂದು ಜನರ ಮೊದಲ ಕುಸ್ತಿಗೂ ಜೋಡಿ ಒಬ್ಬನೇ.

ಪುಸ್ತಕದ ನಡುವೆ ಉಸ್ತಾದರು ಅಂಚಿನಲ್ಲಿ ಬರೆದಿದ್ದರು. ಅದನ್ನು ನಾರಾಯಣಪ್ಪನವರೇ ಗಟ್ಟಿಯಾಗಿ ಓದಿದರು: "ಹೊಸಬರ ಮೊದಲ ಜೋಡಿಗೆ ಮಾಯಣ್ಣನನ್ನೇ ಬಿಡತಕ್ಕದ್ದು. ಹುಡುಗರಿಗೆ ಪೆಟ್ಟಾಗದಂತೆ, ನೋಡುವವರಿಗೆ ಗೊತ್ತಾಗದಂತೆ ಬೀಳಬಲ್ಲವನು ಇವನೊಬ್ಬನೇ."

ಅವರು ಕನ್ನಡಕ ತೆಗೆದು ಅಪ್ಪನ ಫೋಟೋ ಕಡೆ ನೋಡಿದರು. "ಗೊತ್ತಾಗ್ಲೇ ಇಲ್ವಲ್ಲಪ್ಪ ನಿಂಗೆ," ಅಂದರು. ಆಮೇಲೆ ನಾವಿಬ್ಬರೂ ಆಂಜನೇಯನ ಎದುರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂರು ದಿನದಿಂದ ಕೂಗಾಡಿದ್ದೆಲ್ಲ ನಗುವಾಗಿ ಹೋಯಿತು.

ಮನೆಗೆ ಬಂದು ಅತ್ತೆಗೆ ಎಲ್ಲಾ ಹೇಳಿದೆ. ಗದೆ ಸ್ಟುಡಿಯೋದ್ದು ಅಂತಲೂ ಹೇಳಿದೆ. ಮುಚ್ಚಿಡೋಕೆ ನನಗೆ ಬರಲ್ಲ. ಅವಳು ಪೂರ್ತಿ ಕೇಳಿ, ಎಷ್ಟು ಸಲ ಬಿದ್ದ ಅಂತ ಕೇಳಿದಳು. ಅರವತ್ತೆರಡು ಅಂದೆ. ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆ ಅಂತ ಹತ್ತಿರ ಹೋದೆ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಾಳೆ.

"ಅಯ್ಯೋ, ಗರಡಿಯಿಂದ ಬಂದ್ರೆ ಬಚ್ಚಲಲ್ಲಿ ಬೆನ್ನು ಉಜ್ಜೋ ಕೆಲಸ ನಂದೇ ಕಣೋ. ಬೆನ್ನು ತುಂಬಾ ಕೆಮ್ಮಣ್ಣು. ಎದೆ ಮೇಲೆ ಒಂದು ಚೂರೂ ಇರ್ತಿರ್ಲಿಲ್ಲ. ಪೈಲ್ವಾನ್ ಅಂದ್ರೆ ಹಂಗೇ ಇರ್ತಾರೆ ಅಂದ್ಕೊಂಡಿದ್ದೆ ನಾನು." ಆಮೇಲೆ, "ಅಷ್ಟು ಸಲ ಬಿದ್ದೋನಿಗೆ ಒಂದ್ಸಲ ಗದೆ ಹಿಡಿಯೋ ಆಸೆ ಇರಲ್ವೇನೋ," ಅಂದಳು.

ಭಾನುವಾರ ಗೋಡೆಯ ನಟ್ಟನಡುವೆ ಜಾಗ ಬಿಡಿಸಿದ್ದರು. ಕೆಳಗೆ ಬರೆಸಿದ್ದು ನಾರಾಯಣಪ್ಪ: ಮಾಯಣ್ಣ, ಎಲ್ಲರ ಮೊದಲ ಜೋಡಿ. ಮೊಳೆ ಓರೆ ಹೊಡೆದರು ಅಂತ ನಾನು ದನಿ ಏರಿಸಿದೆ. ಹಿಂದಿನಿಂದ ಯಾರೋ, "ಗೊತ್ತು ಗುರು ನೀನ್ಯಾರ ಮೊಮ್ಮಗ ಅಂತ, ಮಳೆ ಬರ್ಲಿ ಇರು," ಅಂದ. ಇಡೀ ಗರಡಿ ನಕ್ಕಿತು. ನಾನೂ ನಕ್ಕೆ.

ಹೆಂಗಸರು ಕುಸ್ತಿಯ ಮಣ್ಣಿಗೆ ಇಳಿಯೋ ಹಾಗಿಲ್ಲ. ಅತ್ತೆ ಹೊಸ್ತಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಾರಾಯಣಪ್ಪ ಒಂದು ಹಿಡಿ ಮಣ್ಣು ತಂದು, ಹಣೆಗಿಟ್ಟುಕೊಳ್ಳಿ ಅಮ್ಮ ಅಂತ ಅವಳ ಕೈಗೆ ಹಾಕಿದರು. ಅವಳು ಹಣೆಗಿಡಲಿಲ್ಲ. ಫೋಟೋ ತಾ ಅಂದಳು ನನಗೆ. ಗೋಡೆಗೆ ಏರಿಸುವ ಮುಂಚೆ ಅದನ್ನು ತಿರುಗಿಸಿ, ಹಿಂದಿನ ರಟ್ಟಿನ ತುಂಬಾ ಆ ಮಣ್ಣನ್ನು ನಿಧಾನವಾಗಿ ಸವರಿದಳು.

"ಹ್ಞೂಂ, ಇವನೇ ನಮ್ಮಪ್ಪ," ಅಂದಳು. "ಈಗ ಹಾಕು."